ಚೂರಿಗೆ ವರ ಹುಡುಕಿದ್ದು

ನಾನು ಒಂದು ಚೂರಿ. ಸಣ್ಣವಳೆಂದು ಮೂಗು ಮುರಿಯಬೇಡಿ. ಹುಟ್ಟುವ ಮೊದಲು ಲಾರಿಯ ಅಡಿಯ ಸ್ಪ್ರಿಂಗ್ ಪಟ್ಟಿಯಾಗಿ ಅರ್ಧ ಬಳ್ಳಾರಿ ಜಿಲ್ಲೆಯನ್ನು ಬೆನ್ನ ಮೇಲೆ ಹೊತ್ತವಳು. ಕಮ್ಮಾರ ಮೌನೇಶ ನನ್ನನ್ನು ಕಾಯಿಸಿದ ದಿನ ಕುಲುಮೆ ಎಷ್ಟು ಉರಿಯಿತೆಂದರೆ, ಸೂರ್ಯನೇ ಕೆಳಗಿಳಿದು ಬೀಡಿ ಹಚ್ಚಿಕೊಂಡು ಹೋದ. ಮೌನೇಶ ನನಗೆ ಬಾಯಿ ಕೊಟ್ಟ, ಬೆನ್ನು ಕೊಟ್ಟ, ಹಿಡಿಯೊಳಗೆ ಸೇರಲು ಹಿಂದೊಂದು ಬಾಲ ಕೊಟ್ಟ. ಗಂಡನನ್ನು ಮಾತ್ರ ಕೊಡಲಿಲ್ಲ. ಚೂರಿಗೆ ಹಿಡಿಯೇ ಗಂಡ.

ನನ್ನನ್ನು ಕೊಂಡವಳು ಸಣ್ಣೀರಮ್ಮ. ಅವಳೂ ಅವಳ ಗಂಡ ಹುಲುಗಪ್ಪನೂ ತುಂಗಭದ್ರೆಯಲ್ಲಿ ಹರಿಗೋಲು ಹಾಕಿ ಮೀನು ಹಿಡಿಯುವವರು. ಅವನು ಬಲೆ ಬೀಸುತ್ತಿದ್ದ, ಅವಳು ಹುಟ್ಟು ಹಾಕುತ್ತಿದ್ದಳು. ನಾನು ಹರಿಗೋಲಿನ ಅಂಚಿನ ಬಿದಿರಿಗೆ ನಾಟಿಕೊಂಡು ಇಬ್ಬರ ಜಗಳ ಕೇಳುತ್ತಿದ್ದೆ. ಬಲೆ ಎಲ್ಲಾದರೂ ಸಿಕ್ಕಿಕೊಂಡರೆ ಕೊಯ್ಯುವವಳು ನಾನೇ.

ನನ್ನ ಮೊದಲ ಗಂಡ ಮಾವಿನ ಕಟ್ಟಿಗೆಯವನು. ಹಸಿ ಮರ, ಬಿಸಿಲಿಗೆ ಸೀಳಿ ಹೋದ. ಎರಡನೆಯವನು ಬಿದಿರು, ಒಳಗೆಲ್ಲ ಪೊಳ್ಳು; ಎಮ್ಮೆಗರುವಿನಷ್ಟು ದೊಡ್ಡ ಮೀನಿನ ತಲೆ ಕೊಯ್ಯುವಾಗ ಸತ್ತ. ಸುಳ್ಳಾದರೆ ಆ ಮೀನನ್ನೇ ಕೇಳಿ.

ಮೂರನೆಯವನನ್ನು ಹುಲುಗಪ್ಪ ತಂದ. ಮುರಿದ ಮಂಚದ ತೇಗದ ಕಾಲು, ತುದಿಗೆ ಟೊಪ್ಪಿಯಂಥ ಹಿತ್ತಾಳೆಯ ಕುಪ್ಪಿ. ಮದುಮಗನ ಹಾಗೆ ಹೊಳೆಯುತ್ತಿದ್ದ. ಹಿಡಿಯ ತೂತಿಗೆ ಅರಗು ತುಂಬಿ, ಕಾದ ಬಾಲವನ್ನು ಇಳಿಸಿ, ಅಡ್ಡಕ್ಕೊಂದು ಮೊಳೆ ಬಡಿಯಬೇಕು. ಆದರೆ ಅವತ್ತು ಹರಿಗೋಲಿನ ತಳಕ್ಕೆ ಬಳಿಯುವ ಡಾಂಬರು ಮನೆಮುಂದೆಯೇ ಕುದಿಯುತ್ತಿತ್ತು.

"ಅರಗು ತರಾಕ ಸಂತಿಗೆ ಯಾರು ಹೊಕ್ಕಾರ?" ಎಂದ ಹುಲುಗಪ್ಪ. "ಹೊಳಿ ನೀರನ್ನ ತಡಿಯೋ ಡಾಂಬರು, ಚೂರಿ ಬಾಲ ಹಿಡಿಯಂಗಿಲ್ಲೇನು?"

"ಮೊಳಿನಾರ ಬಡಿ."

"ಚಂದ ಕೆಡ್ತೈತಿ ಈರೀ."

"ಚಂದ ನೋಡಿ ಕಟ್ಕಂಡಿದ್ದಕ್ಕ ನಾ ಉಣ್ಣಾಕತ್ತೀನಲ್ಲ, ಸಾಲದಾ?" ಎಂದು ಸಣ್ಣೀರಮ್ಮ ಬೆನ್ನು ತಿರುಗಿಸಿದಳು. ಹುಲುಗಪ್ಪ ಡಾಂಬರು ಹುಯ್ದು, ಮೊಳೆಯಿಲ್ಲದೆಯೇ ನನ್ನ ಮದುವೆ ಮುಗಿಸಿದ.

ನೆತ್ತಿ ಸುಡುವ ಒಂದು ಮಧ್ಯಾಹ್ನ, ಬಲೆ ನೀರಿನಡಿಯ ಮರದ ಬೊಡ್ಡೆಗೆ ಸಿಕ್ಕಿತು. ಬಿಡಿಸಲು ಹುಲುಗಪ್ಪ ಇಳಿದ. ಬಲೆಯ ಹಗ್ಗ ಅವನ ಕಣಕಾಲಿಗೇ ಸುತ್ತಿಕೊಂಡಿತು. ಆಗಲೇ ಹೊಳೆಯ ಬಣ್ಣ ತಿರುಗಿತು. ಮೇಲೆಲ್ಲೋ ಮಳೆಯಾಗಿ ಕೆಂಪು ನೀರು ಏರುತ್ತಿತ್ತು. ಹರಿಗೋಲು ನೀರಿನೊಡನೆ ಮೇಲೇಳುತ್ತಿತ್ತು, ಬಲೆ ಅವನನ್ನು ಕೆಳಗೇ ಹಿಡಿದಿತ್ತು. ಎದೆಮಟ್ಟದ ನೀರು ಗಲ್ಲಕ್ಕೆ ಬಂತು.

"ಈರೀ, ಚೂರಿ!"

ಅವಳು ಎಳೆದಳು. ಹಿಡಿ ಬಂತು. ನಾನು ಬರಲಿಲ್ಲ. ಬಿಸಿಲಿಗೆ ಡಾಂಬರು ಬೆಲ್ಲದ ಪಾಕವಾಗಿತ್ತು. ಅವಳ ಕೈಯಲ್ಲಿ ಬರೀ ಮದುಮಗ, ಬಿದಿರಿನಲ್ಲಿ ನಾನು. ಬಾಲ ಹಿಡಿದು ಜಗ್ಗಿದಳು. ಜಾರಿತು. ಮತ್ತೆ ಜಗ್ಗಿದಳು. ಮತ್ತೆ ಜಾರಿತು.

"ಈರೀ..." ಎನ್ನುವಷ್ಟರಲ್ಲಿ ಅವನ ಬಾಯಿಗೆ ನೀರು ನುಗ್ಗಿತು.

ಸಣ್ಣೀರಮ್ಮ ನನ್ನ ಅಲಗನ್ನೇ ಮುಷ್ಟಿಯಲ್ಲಿ ಹಿಡಿದಳು. ಕೂದಲನ್ನು ಏಳು ಸೀಳು ಮಾಡುತ್ತಿದ್ದವಳು ನಾನು. ಆ ಗಳಿಗೆ ಮೊಂಡಾಗಲು ಹೆಣಗಿದೆ, ಆಗಲಿಲ್ಲ. ಕಿತ್ತಳು, ಧುಮುಕಿದಳು, ಅವನ ಕಾಲನ್ನು ತಡಕುತ್ತಾ ಕೆಳಗಿಳಿದಳು. ನನ್ನ ಬಾಯಿಯ ತುದಿಗೆ ಹಗ್ಗ, ಬುಡಕ್ಕೆ ಅವಳ ಅಂಗೈ. ಎರಡನ್ನೂ ಕೊಯ್ದೆ. ಹಗ್ಗ ಕಡಿದುಬಿತ್ತು.

ದಂಡೆಯಲ್ಲಿ ಹುಲುಗಪ್ಪ ರುಮಾಲು ಬಿಚ್ಚಿ ಅವಳ ಕೈಗೆ ಸುತ್ತಿದ, ಹೊಳೆ ಇನ್ನೊಂದು ಗೇಣು ಏರುವಷ್ಟು ಅತ್ತ. ಆಮೇಲೆ ಅವಳ ಎರಡು ಬೆರಳು ಮಡಚಲೇ ಇಲ್ಲ.

ಆಗ ಹೊರಟ ನೋಡಿ ಮನುಷ್ಯ, ನನ್ನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಊರೂರಿಗೆ. ಹುಣಸೆ ಮುಟ್ಟಿ ಬಿಟ್ಟ, ಬೇವು ಮೂಸಿ ಬಿಟ್ಟ. "ಚೂರಿಗೆ ವರ ನೋಡಾಕ ಹೊಂಟೀಯೇನಲೇ?" ಎಂದು ಜನ ನಕ್ಕರು. ಕೊನೆಗೆ ಯಾರದೋ ಹಿತ್ತಲಲ್ಲಿ, ಮುರಿದ ಗಾಡಿಯ ಜಾಲಿ ಗೂಟ ಸಿಕ್ಕಿತು. ಅಜ್ಜನ ಕಾಲದಿಂದ ಒಣಗಿದ ಕೆಚ್ಚು, ಬಡಿದರೆ ಗಂಟೆಯಂತೆ ನುಡಿಯಿತು. ಹಿಡಿಯ ಕೊರಳು ಬಿಗಿಯಲು ಗುಜರಿಯ ಸೈಕಲ್ ಹ್ಯಾಂಡಲಿನಿಂದ ಬಳೆ ಕೊಯ್ದ. ತಾಮ್ರದ ಮೊಳೆ ಹುಡುಕಿದ. ಸಂತೆಗೆ ನಡೆದುಹೋಗಿ ಅರಗು ತಂದ. ಸಣ್ಣೀರಮ್ಮನ ಗಾಯದ ಕೈಗೆ ಹಸಿ ಮಣ್ಣಿನ ಉಂಡೆ ಕೊಟ್ಟು, "ಹಿಡಿ" ಎಂದ. ಅವಳ ಬೆರಳು ಮೂಡಿದಂತೆಯೇ ಕಟ್ಟಿಗೆಯನ್ನು ಕೆತ್ತಿದ. ಇವನು ನನ್ನ ನಾಲ್ಕನೆಯವನು.

ಈಗ ನಾನು ಸವೆದು ಮೀನಿನ ಮುಳ್ಳಾಗಿದ್ದೇನೆ, ಗೋಡೆಯ ಗೂಡಿನಲ್ಲಿರುತ್ತೇನೆ. ಸೊಸೆ ಒಮ್ಮೆ ಉಳ್ಳಾಗಡ್ಡಿ ಕೊಯ್ಯಲು ಹೋಗಿ, "ಈ ಹಿಡಿ ನನ್ನ ಕೈಗೆ ಕೂಡಂಗಿಲ್ಲ ಅತ್ತೀ," ಎಂದು ಇಟ್ಟುಬಿಟ್ಟಳು. ಮನೆಯಲ್ಲಿ ಯಾರೂ ಹೊಳೆಗೆ ಹೋಗುವುದಿಲ್ಲ. ಆದರೂ ಪಡುವಣದಲ್ಲಿ ಮೋಡ ಕಟ್ಟಿದರೆ ಹುಲುಗಪ್ಪ ನನ್ನನ್ನು ಇಳಿಸಿ, ಅಲಗಿಗೆ ಬಟ್ಟೆ ಸುತ್ತಿ ಹಿಡಿದು, ಹಿಡಿಯನ್ನು ಜಗ್ಗುತ್ತಾನೆ.

"ಅದು ಬರಂಗಿಲ್ಲ ಬಿಡೋ ಮುದುಕಾ, ನಿನ್ನ ಹಲ್ಲ ಕಿತ್ತು ಬಂದಾವು," ಎನ್ನುತ್ತಾಳೆ ಸಣ್ಣೀರಮ್ಮ.

"ಇನ್ನೊಂದ್ ಸಲ ನೋಡ್ತೀನಿ ತಡಿ."

ಮತ್ತೆ ಜಗ್ಗುತ್ತಾನೆ. ನನಗೆ ನೋಯುತ್ತದೆ, ಬೈಯುವುದಿಲ್ಲ. ಅವನು ನನ್ನನ್ನು ಮತ್ತೆ ಗೂಡಿನಲ್ಲಿಡುವ ತನಕ ನನ್ನ ಗಂಡನನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತೇನೆ.