ಗುಂಡಿ ಮುಚ್ಚುವ ಮೊದಲು

ಬಚ್ಚಲಿನ ಪುಟ್ಟ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಶರಣ್ಯಾ ಮಗಳ ಬಿಳಿ ಶೂಗಳನ್ನು ಉಜ್ಜುತ್ತಿದ್ದಳು. ಶಾಲೆಯ ಒಳಗೆ ಮಾತ್ರ ಹಾಕಿಕೊಳ್ಳುವ ಕ್ಯಾನ್ವಾಸ್ ಶೂ; ಇಲ್ಲಿಯವರು ಉವಾಬಾಕಿ ಅನ್ನುತ್ತಾರೆ. ಶುಕ್ರವಾರ ಮನೆಗೆ ಬಂದದ್ದು ಸೋಮವಾರ ಬೆಳ್ಳಗಾಗಿ ವಾಪಸು ಹೋಗಬೇಕು. ಜಪಾನಿನ ಉರಯಾಸುವಿನ ಈ ಅಪಾರ್ಟ್‌ಮೆಂಟಿನಲ್ಲಿ ಭಾನುವಾರ ಸಂಜೆ ಬ್ರಷ್ಷಿನ ಸದ್ದು ಕೇಳದ ಬಚ್ಚಲು ಇರಲಿಕ್ಕಿಲ್ಲ. ಇವತ್ತು ಎಷ್ಟು ಉಜ್ಜಿದರೂ ಒಂದು ಶೂವಿನ ಮೂತಿಯ ಮೇಲೆ ಕಂದು ಕಲೆ ಮತ್ತೆ ಮತ್ತೆ ಮೂಡುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು, ಕಲೆ ಶೂವಿನದಲ್ಲ, ತನ್ನ ಹೆಬ್ಬೆರಳಿನದು. ಬೆಳಗಿನ ಮಣ್ಣು ಉಗುರಿನ ಸಂದಿಯಲ್ಲಿ ಇನ್ನೂ ಕೂತಿತ್ತು.

"ಶರೂ, ಬಂದು ಒಂದು ಟಿಕ್ ಹಾಕಿಬಿಡು," ಹಾಲಿನಿಂದ ಗಂಡ ವಿನಾಯಕ ಕೂಗಿದ. "ರಿನ್ಯೂವಲ್ ಪೇಜ್ ಓಪನ್ ಮಾಡಿಟ್ಟಿದ್ದೀನಿ. ಮಂಗಳವಾರ ಲಾಸ್ಟ್ ಡೇಟ್, ಗೊತ್ತಲ್ಲ?"

"ಕ್ಲಾಸುಗಳೇ ಮುಗಿದಿಲ್ಲ, ಏನಂತ ಟಿಕ್ ಹಾಕ್ಲಿ ರೀ?"

"ನೀನು ಬಾ ಅಂದ್ರೆ ಬಾ. ಸರ್‌ಪ್ರೈಸ್ ಇದೆ."

"ಕೈ ಒದ್ದೆಯಾಗಿದೆ."

"ಒದ್ದೆ ಕೈಯವರಿಗೇ ತಾನೇ ಆ ಲೈಸೆನ್ಸ್ ಕೊಡೋದು!" ಎಂದು ಅವನು ತನ್ನ ಮಾತಿಗೆ ತಾನೇ ನಕ್ಕ.

ಅವನ ಮಾತು ಸುಳ್ಳೇನಲ್ಲ. ಮಣ್ಣನ್ನು ಒದ್ದೆ ಮಾಡಿ ನಾದಿ ನೋಡುವುದೇ ಆ ಕಸುಬಿನ ಮೊದಲ ಪಾಠ. ವಿನಾಯಕನ ಕಂಪನಿ ಅವರನ್ನು ಅಮೆರಿಕಕ್ಕೆ ಕಳಿಸಿದ್ದಾಗ, ಹೆಬ್ಬಾಳದ ಕೃಷಿ ಕಾಲೇಜಿನಲ್ಲಿ ಓದಿದ್ದ ಮಣ್ಣುಶಾಸ್ತ್ರವನ್ನು ಕೆದಕಿ ಎಬ್ಬಿಸಿ ಅವಳು ಅಲ್ಲಿ ಸಾಯಿಲ್ ಕ್ಲಾಸಿಫೈಯರ್ ಲೈಸೆನ್ಸ್ ಪಡೆದಿದ್ದಳು. ಆ ರಾಜ್ಯದಲ್ಲಿ ಊರಾಚೆ ಮನೆ ಕಟ್ಟುವವರಿಗೆ ಚರಂಡಿ ಇರಲಿಲ್ಲ, ಮನೆಯ ನೀರನ್ನೆಲ್ಲ ಅವರವರ ನೆಲವೇ ಕುಡಿಯಬೇಕಿತ್ತು. ಕುಡಿಯುತ್ತದೋ ಇಲ್ಲವೋ ಎಂದು ಗುಂಡಿಗೆ ಇಳಿದು, ಮಣ್ಣು ಮುಟ್ಟಿ, ಕೊನೆಗೆ ಕಾಗದಕ್ಕೆ ರುಜು ಹಾಕುವುದು ಲೈಸೆನ್ಸ್ ಇದ್ದವರ ಕೆಲಸ. ಪರೀಕ್ಷೆಯೂ ಗುಂಡಿಯೊಳಗೇ ನಡೆದಿತ್ತು. ಮಗಳು ಅಮೂಲ್ಯ ಆಗ ಕೈಗೂಸು. ಹಾಲು ಕಟ್ಟಿ ಎದೆ ನೋಯುತ್ತಿದ್ದರೂ ಆಳೆತ್ತರದ ಕೆಂಪು ಜೇಡಿಯ ಗೋಡೆಯ ಮುಂದೆ ನಿಂತು ಪದರ ಪದರವಾಗಿ ಓದಿ ಹೇಳಿದ್ದಳು. ಮೂವರು ಪರೀಕ್ಷಕರು ದಡದ ಮೇಲೆ ನಿಂತು ಕೇಳಿಸಿಕೊಂಡಿದ್ದರು.

ಜಪಾನಿಗೆ ಬಂದ ಮೇಲೆ ಆ ಲೈಸೆನ್ಸಿನಿಂದ ಆಗುವ ಕೆಲಸ ಒಂದೂ ಇರಲಿಲ್ಲ. ಆದರೂ ಅವಳು ಅದನ್ನು ಬಿಟ್ಟಿರಲಿಲ್ಲ. ಇಲ್ಲಿನ ವಾಸದ ಕಾರ್ಡಿನಲ್ಲಿ ಅವಳು ವಿನಾಯಕನ ಕುಟುಂಬ, ಶಾಲೆಯಲ್ಲಿ ಅಮೂಲ್ಯಳ ಅಮ್ಮ. ಲೈಸೆನ್ಸಿನ ಮೇಲೆ ಮಾತ್ರ ಶರಣ್ಯಾ ನಂಜುಂಡಸ್ವಾಮಿ ಎಂದು ಅಪ್ಪನ ಹೆಸರಿನ ಜೊತೆ ತನ್ನ ಹೆಸರು ನಿಂತಿರುತ್ತಿತ್ತು. ಪ್ರತಿ ಸಲದ ನವೀಕರಣಕ್ಕೂ ಇಷ್ಟು ಗಂಟೆ ಹೊಸ ಪಾಠ ಕೇಳಿರಬೇಕು, ಕೇಳಿದ್ದೇನೆಂದು ಪ್ರಮಾಣ ಮಾಡಬೇಕು. ಈ ವರ್ಷ ಯಾಕೋ ಕೂತು ಕೇಳಲು ಆಗಿರಲಿಲ್ಲ. ಒಮ್ಮೆ ಅವಧಿ ಮೀರಿತೋ, ಮತ್ತೆ ಆ ಗುಂಡಿ, ಆ ಪರೀಕ್ಷೆ, ಮೊದಲಿನಿಂದ.

ಅವಳು ಶೂವಿನ ಹಿಮ್ಮಡಿಗೆ ಇನ್ನಷ್ಟು ಸೋಪು ಹಚ್ಚಿದಳು.

ಬೆಳಿಗ್ಗೆ ಭಾನುಮತಿ, ಅವಳ ಗಂಡ ಚಂದ್ರಮೋಹನ್ ಕಾರಿನಲ್ಲಿ ಬಂದು ಅವಳನ್ನು ಕರೆದುಕೊಂಡು ಹೋಗಿದ್ದರು. ಅವರು ಕೆಳಗಿನ ಮಹಡಿಯವರು, ಹತ್ತು ವರ್ಷದಿಂದ ಇಲ್ಲೇ ಇದ್ದವರು. ಒಳನಾಡಿನ ಇನ್‌ಜಾಯ್ ಅನ್ನುವ ಊರಿನ ಕಡೆ ಒಂದು ಸೈಟು ನೋಡಿದ್ದರು. ಉರಯಾಸುವಿನ ಮುಕ್ಕಾಲು ನೆಲ ಸಮುದ್ರ ತುಂಬಿಸಿ ಮಾಡಿದ್ದು. ೨೦೧೧ರ ದೊಡ್ಡ ಭೂಕಂಪದಲ್ಲಿ ರಸ್ತೆಗಳಿಂದ ಕೆಸರು ಉಕ್ಕಿದ ಫೋಟೋಗಳನ್ನು ಭಾನುಮತಿ ಹುಡುಕಿ ಹುಡುಕಿ ನೋಡಿದ್ದಳು.

"ನೋಡು ಶರಣ್ಯಾ," ಕಾರಿನಲ್ಲಿ ಅವಳು ಹಿಂದಕ್ಕೆ ತಿರುಗಿ ಹೇಳಿದ್ದಳು, "ನೀನು ಹೂಂ ಅಂದ್ರೆ ನಾಳೇನೇ ಸೈನ್. ಊಹೂಂ ಅಂದ್ರೆ, ಇವರು ಎಷ್ಟು ಕುಣಿದ್ರೂ ನಾನು ಪೆನ್ನು ಮುಟ್ಟಲ್ಲ."

"ಕಂಪನಿಯವರೇ ಟೆಸ್ಟ್ ಮಾಡ್ತಿದಾರೆ ಕಣೇ," ಚಂದ್ರಮೋಹನ್ ಅಂದರು.

"ಮಾರೋರು ಮಾಡಿದ ಟೆಸ್ಟು ಯಾರಿಗೆ ಬೇಕು? ನಮ್ಮವಳು ಲೈಸೆನ್ಸ್ ಇರೋಳು."

ಶರಣ್ಯಾ ಬೇಡ ಬೇಡ ಅಂದಿದ್ದಳು, ನಿಜ. ಆದರೆ ಹಳೆಯ ಬೂಟುಗಳನ್ನು ಹಿಂದಿನ ದಿನವೇ ಹುಡುಕಿ ತೆಗೆದಿದ್ದಳು.

ಸೈಟಿನ ಮೂಲೆಯಲ್ಲಿ, ಮಳೆನೀರು ಇಂಗುವ ಪರೀಕ್ಷೆಗೆಂದು ತೋಡಿದ ಗುಂಡಿ ಇತ್ತು. ಮಣ್ಣು ಪರೀಕ್ಷೆಯ ಇಂಜಿನಿಯರ್ ಓಯಾಮಾ ಸಾನ್ ಐವತ್ತು ದಾಟಿದವರು. ತಲೆಗೆ ಹೆಲ್ಮೆಟ್ಟು, ಕುತ್ತಿಗೆಗೆ ಟವಲು. ಇಂಥವರು ಅಮೆರಿಕದ ಲೈಸೆನ್ಸ್ ಇರುವವರು ಎಂದು ಚಂದ್ರಮೋಹನ್ ಜಪಾನಿಯಲ್ಲಿ ಪರಿಚಯಿಸಿದಾಗ ಅವರು ಸೊಂಟ ಬಾಗಿಸಿ ನಮಸ್ಕರಿಸಿ, ಏಣಿ ಹಿಡಿದುಕೊಂಡು ದಾರಿ ಬಿಟ್ಟರು. ಶರಣ್ಯಾ ಗುಂಡಿಗೆ ಇಳಿದಳು. ಎಷ್ಟೋ ವರ್ಷದ ಮೇಲೆ ಮಣ್ಣಿನ ಗೋಡೆ ಮುಖದ ಮುಂದಿತ್ತು. ಮೇಲೆ ಒಂದು ಮೊಳ ಮಸಿಯಂಥ ಕಪ್ಪು, ಅದರ ಕೆಳಗೆಲ್ಲ ಜೇನಿನಂಥ ಕಂದು. ಕಂದು ಮಣ್ಣಿನ ಒಂದು ಹಿಡಿ ತೆಗೆದು, ಬಾಟಲಿಯಿಂದ ನೀರು ಚಿಮುಕಿಸಿ, ಅಂಗೈಯಲ್ಲಿ ನಾದಿದಳು. ಕೈ ಯಾರನ್ನೂ ಕೇಳದೆ ತನ್ನ ಕೆಲಸ ಶುರು ಮಾಡಿದ್ದು ಕಂಡು ಅವಳಿಗೆ ಖುಷಿಯಾಯಿತು. ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿದರೆ ಮಣ್ಣು ಪಟ್ಟಿಯಾಗಿ ಉದ್ದಕ್ಕೆ ಬಂತು. ನುಣುಪು, ಜಿಡ್ಡು, ಬೆಣ್ಣೆ ಸವರಿದ ಹಾಗೆ. ಇನ್ನೊಂದು ಹಿಡಿ, ಮತ್ತೊಂದು ಹಿಡಿ, ಎಲ್ಲ ಅದೇ.

"ಜೇಡಿ," ಅಂದಳು. "ಬಹಳ ಜೇಡಿ, ಭಾನು. ನೀರು ಇಂಗಲ್ಲ. ಮಳೆ ಬಂದ್ರೆ ನಿಂತ್ಕೊಂಡುಬಿಡುತ್ತೆ."

"ಅಂದ್ರೆ?"

"ನಾನಾಗಿದ್ರೆ ಬೇಡ ಅಂತಿದ್ದೆ."

ಭಾನುಮತಿಯ ಮುಖ ಬಾಡಿತು. ಅಡುಗೆಮನೆಯ ಕಿಟಕಿ ಎಲ್ಲಿ ಬರಬೇಕು, ದಾಸವಾಳ ಎಲ್ಲಿ ಇಡಬೇಕು ಎಂದು ಆಗಲೇ ಹೆಜ್ಜೆ ಹಾಕಿ ನೋಡಿಕೊಂಡಿದ್ದ ಹೆಂಗಸು. ಚಂದ್ರಮೋಹನ್ ರಸ್ತೆಯ ಕಡೆ ನೋಡಿದರು. ಆಮೇಲೆ ಶರಣ್ಯಾ ಹೇಳಿದ್ದನ್ನು ಓಯಾಮಾ ಸಾನ್‌ಗೆ ತಿಳಿಸಿದರು. ಅವರು ಹೌದು ಹೌದು ಎಂದು ತಲೆಯಾಡಿಸುತ್ತಾ ಪೂರ್ತಿ ಕೇಳಿಸಿಕೊಂಡರು. ಅಲ್ಲ ಅನ್ನಲಿಲ್ಲ. "ಸುಮಿಮಾಸೆನ್," ಎಂದು ಕ್ಷಮೆ ಕೇಳುವವರ ಹಾಗೆ ಅವಳಿಗೆ ಹೇಳಿ, ಪಿಕಪ್ಪಿನಿಂದ ನೀರಿನ ಕ್ಯಾನು ತಂದು, ಅವಳು ಮೇಲೆ ಬರುವವರೆಗೆ ಕಾದು, ಗುಂಡಿಯ ತಳಕ್ಕೆ ಸುರಿದರು.

ನಾಲ್ವರೂ ಬಗ್ಗಿ ನೋಡುತ್ತಾ ನಿಂತರು. ನೀರು ಒಂದು ಕ್ಷಣ ಆಕಾಶ ತೋರಿಸಿತು. ಆಮೇಲೆ ಅಂಚಿನಿಂದ ಸಣ್ಣದಾಗುತ್ತಾ, ಸಣ್ಣದಾಗುತ್ತಾ, ಸದ್ದಿಲ್ಲದೆ ಹೋಯಿತು. ಓಯಾಮಾ ಸಾನ್ ಇನ್ನೊಂದು ಕ್ಯಾನು ಸುರಿದರು. ಅದೂ ಹೋಯಿತು.

"ಅಯ್ಯೋ ನಿನ್ನ!" ಭಾನುಮತಿ ಅವಳ ತೋಳಿಗೆ ಹೊಡೆದಳು. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. "ನನ್ನ ಪ್ರಾಣ ತೆಗೆದುಬಿಟ್ಯಲ್ಲೇ! ಎಂಥಾ ಲೈಸೆನ್ಸೇ ನಿಂದು?"

ಓಯಾಮಾ ಸಾನ್ ತಾವೇ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ, ಮೆಲ್ಲಗೆ ಏನೋ ಹೇಳಿದರು. ಚಂದ್ರಮೋಹನ್ ಕನ್ನಡಕ್ಕೆ ತಂದರು: "ಇದು ಜ್ವಾಲಾಮುಖಿ ಬೂದಿಯ ಮಣ್ಣಂತೆ. ಇದ್ದಲ್ಲೇ ಇದ್ರೆ ಒಳಗೆಲ್ಲ ಸಣ್ಣ ಸಣ್ಣ ತೂತು, ನೀರು ಸಲೀಸಾಗಿ ಇಳಿಯುತ್ತೆ. ಕೈಯಲ್ಲಿ ಹಾಕಿ ನಾದಿದ ಕೂಡ್ಲೇ ಅದೆಲ್ಲ ಒಡೆದು ಜೇಡಿ ಥರ ಆಗ್ಬಿಡುತ್ತಂತೆ. ಹೊರಗಡೆಯಿಂದ ಬಂದ ಎಕ್ಸ್‌ಪರ್ಟ್‌ಗಳೆಲ್ಲ ಮೊದಲು ಹೀಗೇ ಹೇಳೋದಂತೆ, ತಪ್ಪು ತಿಳ್ಕೋಬೇಡಿ ಅಂತಿದಾರೆ." ಗುಂಡಿಯನ್ನು ಬುಧವಾರ ಮುಚ್ಚುತ್ತಾರೆ, ಅಲ್ಲಿಯವರೆಗೆ ಯಾವಾಗ ಬೇಕಾದರೂ ಬಂದು ನೋಡಬಹುದು ಎಂದೂ ಓಯಾಮಾ ಸಾನ್ ಹೇಳಿದರು. ಅದು ಕೊಳ್ಳುವವರಿಗೆ ಹೇಳಿದ ಮರ್ಯಾದೆಯ ಮಾತು.

ವಾಪಸು ಬರುವಾಗ ಭಾನುಮತಿ ಮನೆಗೆ ಯಾವ ಬಣ್ಣ ಎಂದು ಮಾತಾಡುತ್ತಲೇ ಇದ್ದಳು. ಶರಣ್ಯಾ ನಡುನಡುವೆ ಹೂಂಗುಟ್ಟಿದಳು. ಪೆಟ್ರೋಲ್ ಬಂಕಿನಲ್ಲಿ ಕೈ ತೊಳೆದುಕೊಳ್ಳಲು ಹೋಗಿ ಬಹಳ ಹೊತ್ತು ಕನ್ನಡಿಯ ಮುಂದೆ ನಿಂತಿದ್ದಳು. ನೀರಿನ ಕ್ಯಾನು ಅಲ್ಲಿ ಇರದೇ ಹೋಗಿದ್ದರೆ ತನ್ನ ಮಾತೇ ಉಳಿಯುತ್ತಿತ್ತು ಅನ್ನುವುದು ಅವಳ ತಲೆಯಿಂದ ಹೋಗಲಿಲ್ಲ.

ಶೂಗಳನ್ನು ಜಾಲಿಸಿ, ಕೈ ಒರೆಸಿಕೊಂಡು ಹಾಲಿಗೆ ಬಂದಳು. ವಿನಾಯಕ ಡೈನಿಂಗ್ ಟೇಬಲ್ಲಿನ ಕುರ್ಚಿ ಎಳೆದು ಕೊಟ್ಟ. ಅಮೂಲ್ಯ ಸೋಫಾದ ಮೇಲೆ ಕಾಲು ಮಡಿಸಿ ಕೂತು ಜಪಾನಿಯ ಕಾಂಜಿ ಅಕ್ಷರ ಬರೆಯುತ್ತಿದ್ದಳು.

"ನೋಡು," ಅಂದ. "ಎಲ್ಲಾ ಅವರ್ಸೂ ಕಂಪ್ಲೀಟ್. ಎರಡು ವಾರದಿಂದ ನನ್ನ ಮೀಟಿಂಗ್ ನಡೀವಾಗೆಲ್ಲ ಪಕ್ಕದ ಸ್ಕ್ರೀನಲ್ಲಿ ಮ್ಯೂಟ್ ಮಾಡಿ ಓಡಿಸಿದೆ. ನೀನು ಮುಂದಕ್ಕೆ ಹಾಕ್ತಾ ಹಾಕ್ತಾ ಲ್ಯಾಪ್ಸ್ ಮಾಡ್ಕೋತೀಯ ಅಂತ ಗೊತ್ತಿತ್ತು."

"ಕ್ವಿಜ್ ಇರುತ್ತಲ್ಲ?"

"ಕ್ವಿಜ್ ಏನ್ ಮಹಾ! ಸ್ಲೈಡ್ ಇಟ್ಕೊಂಡೇ ಬರೆಯೋದು." ಅವನು ಪರದೆಯ ಮೇಲೆ ಬೆರಳಿಟ್ಟ. "ಇದರಲ್ಲಂತೂ ನೀನು ಔಟ್ ಆಫ್ ಔಟ್ ಕಣಮ್ಮಾ."

ಅವಳು ಓದಿದಳು. ಜ್ವಾಲಾಮುಖಿ ಬೂದಿಯ ಮಣ್ಣುಗಳು: ಕೈಪರೀಕ್ಷೆಯ ಮಿತಿಗಳು. ಕೆಳಗೆ ಅವಳ ಹೆಸರು, ಅಪ್ಪನ ಹೆಸರು, ಪೂರ್ಣ ಅಂಕ.

"ಇದನ್ನ ಯಾವತ್ತು ಮಾಡಿದ್ರಿ?"

"ಮೊನ್ನೆ ಗುರುವಾರ ಇರ್ಬೇಕು. ಯಾಕೆ?"

"ಏನು ಹೇಳಿದ್ರು ಅದರಲ್ಲಿ?"

ವಿನಾಯಕ ನಕ್ಕುಬಿಟ್ಟ. "ಮ್ಯೂಟಲ್ಲಿತ್ತು ಅಂದ್ನಲ್ಲ! ಒಬ್ಬ ಬೋಳು ತಲೆಯವನು ಗುಂಡಿ ಮುಂದೆ ನಿಂತ್ಕೊಂಡು ಕೈ ತೋರಿಸ್ತಿದ್ದ. ಅಷ್ಟೇ ನೋಡಿದ್ದು."

"ಮಮ್ಮಾ," ಅಮೂಲ್ಯ ತಲೆ ಎತ್ತದೆ ಕೇಳಿದಳು, "ಭಾನು ಆಂಟಿ ಸೆಡ್ ಯು ವರ್ ರಾಂಗ್. ಹೊಂತೋ?"

"ಹೌದು ಪುಟ್ಟಿ, ನಿಜ. ತಪ್ಪು ಹೇಳಿದೆ."

"ಅರೆ, ಏನಾಯ್ತು?" ವಿನಾಯಕ ಕೇಳಿದ. ಅವಳು ಎರಡು ಮಾತಿನಲ್ಲಿ ಹೇಳಿದಳು. ಅವನು ಅವಳ ಬೆನ್ನು ತಟ್ಟಿದ. "ಬಿಡೇ. ಇಲ್ಲಿನ ಮಣ್ಣೇ ಬೇರೆ, ನಿಂಗೆ ಹೇಗೆ ಗೊತ್ತಾಗ್ಬೇಕು? ಅದಕ್ಕೂ ಇದಕ್ಕೂ ಏನು ಸಂಬಂಧ? ಟಿಕ್ ಹಾಕು, ಬಿಸಿ ಬಿಸಿ ಕಾಫಿ ಮಾಡ್ತೀನಿ. ಯಾರು ಅಲ್ಲಿಂದ ಬಂದು ಚೆಕ್ ಮಾಡ್ತಾರೆ?"

ಅವನ ಮುಖದಲ್ಲಿ, ಹುಟ್ಟುಹಬ್ಬಕ್ಕೆ ಏನಾದರೂ ತಂದು ಬಚ್ಚಿಟ್ಟ ದಿನದ ಸಡಗರವಿತ್ತು. ಎರಡು ವಾರ ತನ್ನ ಸಲುವಾಗಿ ಪಾಪ ಇದನ್ನು ಓಡಿಸಿದ್ದಾನೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಪರದೆಯ ಮೇಲೆ ಒಂದು ಖಾಲಿ ಚೌಕ. ಅದರ ಮುಂದೆ, ಈ ಎಲ್ಲ ಪಾಠಗಳನ್ನು ನಾನು ಸ್ವತಃ ಕೇಳಿದ್ದೇನೆ, ಎಂಬ ಒಂದು ಸಾಲು.

"ಶೂ ಒಣಗೋಕೆ ಹಾಕಿ ಬರ್ತೀನಿ," ಅಂದಳು.

"ಮರೀಬೇಡ ಮತ್ತೆ," ಎಂದ ವಿನಾಯಕ. ಅವನ ಫೋನು ಬಡಿದುಕೊಂಡಿತು. ಭಾನುವಾರವೂ ಬಿಡದ ಬೆಂಗಳೂರಿನ ಆಫೀಸು. ಅವನು ಕಿವಿಗೆ ಹಚ್ಚಿಕೊಂಡು ಒಳಕೋಣೆಗೆ ಹೋದ.

ಅವಳು ಬಿಳಿ ಶೂಗಳನ್ನು ಬಾಲ್ಕನಿಯ ಕ್ಲಿಪ್ಪಿಗೆ ತೂಗುಹಾಕಿದಳು. ಕೆಳಗಿನ ಮನೆಯಲ್ಲಿ ಭಾನುಮತಿ ಮೈಸೂರಿನ ತಂಗಿಗೆ ವಿಡಿಯೋ ಕಾಲಿನಲ್ಲಿ ಸೈಟಿನ ಸುದ್ದಿ ಹೇಳುತ್ತಿದ್ದಳು. "ನಮ್ಮ ಶರಣ್ಯಾನೂ ಬಂದಿದ್ಲು ಕಣೇ, ಅಯ್ಯೋ ಕೇಳು ಮಜಾ..." ಎಂದು ಶುರುವಾದದ್ದು ಕೇಳಿಸಿತು. ಶರಣ್ಯಾ ಬಾಗಿಲು ಎಳೆದುಕೊಂಡು ಒಳಗೆ ಬಂದಳು.

ಗುಂಡಿ ಮುಚ್ಚುವುದು ಬುಧವಾರ. ಮಂಗಳವಾರ ಅಮೂಲ್ಯಳಿಗೆ ಶಾಲೆ ಬಿಟ್ಟ ಮೇಲೆ ಈಜು ಇರುತ್ತದೆ. ಬೆಳಿಗ್ಗೆ ಹೊರಟರೆ ಎರಡು ರೈಲು ಬದಲಿಸಿ ಹೋಗಿ, ಬೇಕಾದಷ್ಟು ಹೊತ್ತು ಅಲ್ಲಿದ್ದು, ಅವಳು ಬರುವುದರೊಳಗೆ ಬರಬಹುದು. ನಾದಬಾರದು. ನಾದುವ ಮೊದಲು ಹೆಂಟೆಯನ್ನು ಹಾಗೆಯೇ ಅಂಗೈಯ ಮೇಲಿಟ್ಟುಕೊಂಡು ನೋಡಬೇಕು. ಎಷ್ಟು ಹಗುರ ಇದೆ ಎಂದು ಬೆಳಿಗ್ಗೆಯೇ ಅನ್ನಿಸಿತ್ತು. ಅನ್ನಿಸಿದ್ದನ್ನು ಬೆರಳು ಕೇಳಿಸಿಕೊಂಡಿರಲಿಲ್ಲ.

ಇಸ್ತ್ರಿ ಮೇಜಿನ ಮೇಲೆ ನೀರು ಚಿಮುಕಿಸುವ ಬಾಟಲಿ ಇತ್ತು. ಅಮೆರಿಕದ ಗುಂಡಿಗಳಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಬಾಟಲಿ, ಈಗ ವಿನಾಯಕನ ಶರ್ಟುಗಳ ಪಾಲಾಗಿತ್ತು. ಅದನ್ನು ನಲ್ಲಿಯಲ್ಲಿ ತುಂಬಿಸಿ, ಮುಚ್ಚಳ ಬಿಗಿದು, ತರಕಾರಿಯ ಬಟ್ಟೆಚೀಲದ ತಳಕ್ಕೆ ಹಾಕಿದಳು. ಬಾಲ್ಕನಿಯ ಮೆಂತ್ಯದ ಕುಂಡದಿಂದ ಚಿಕ್ಕ ಕೈಸಲಿಕೆ ತಂದು ಅದರ ಪಕ್ಕ ಇಟ್ಟಳು. ಚೀಲವನ್ನು ಮುಂಬಾಗಿಲ ಬಳಿಯ ಮೊಳೆಗೆ ನೇತುಹಾಕಿದಳು.

"ಮಮ್ಮಾ, ಲ್ಯಾಪ್‌ಟಾಪ್ ಸ್ಲೀಪ್ ಆಗ್ತಿದೆ," ಹಾಲಿನಿಂದ ಅಮೂಲ್ಯ ಕೂಗಿದಳು. "ಶುಡ್ ಐ ಟಚ್?"

"ಬೇಡ ಪುಟ್ಟಿ. ಆಗ್ಲಿ ಬಿಡು."

ಬಾಗಿಲ ಬಳಿ ಅವಳ ಬೂಟುಗಳು ಬಿಚ್ಚಿದ ಹಾಗೇ ಬಿದ್ದಿದ್ದವು, ಮೂತಿ ಮನೆಯ ಕಡೆಗೆ. ಅಟ್ಟೆಯ ಗೆರೆಗಳಲ್ಲಿ ಕಂದು ಮಣ್ಣು ಒಣಗಿ ಬಿರಿದಿತ್ತು. ಅವಳು ಕುಕ್ಕರುಗಾಲಲ್ಲಿ ಕೂತಳು. ಒಂದು ಚೂರನ್ನು ಉಗುರಿನಿಂದ ಬಿಡಿಸಿ ಅಂಗೈಯ ಮೇಲಿಟ್ಟುಕೊಂಡು, ಒತ್ತದೆ, ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು. ಆಮೇಲೆ ಇಲ್ಲಿಯವರು ಮಾಡುವಂತೆ ಬೂಟುಗಳನ್ನು ಜೋಡಿಸಿ, ಮೂತಿ ಬಾಗಿಲ ಕಡೆಗೆ ತಿರುಗಿಸಿ ಇಟ್ಟಳು. ತೊಳೆಯಲಿಲ್ಲ.