ಆರಾಮ ಅದಾರ

ಕಣ್ಣಿನ ಪೊರೆ ತೆಗೆಸಲೆಂದು ಹುಬ್ಬಳ್ಳಿಗೆ ಹೋದ ಚನಬಸಪ್ಪನ ರಕ್ತದಲ್ಲಿ ಬೇರೆಯದೇ ಸಿಕ್ಕಿತು. ಬಿಳಿ ಕಣ ಬೇಕಾದ್ದಕ್ಕಿಂತ ಹೆಚ್ಚು.

"ಹೆಚ್ಚಿದ್ರ ಚಲೋ ಅಲ್ಲೇನ್ರಿ?" ಎಂದು ಕೇಳಿದಳು ಹೆಂಡತಿ ಗುರುಸಿದ್ದವ್ವ.

"ಅವು ಕೆಲಸಕ್ಕ ಬರೂವಲ್ಲವ್ವಾ. ಇದು ಕ್ಯಾನ್ಸರ್ ಅಲ್ಲ. ಮುಂದ ಆದ್ರ ಆಗಬಹುದು, ಆಗದೇನೂ ಇರಬಹುದು. ಆಗಾಗ ತಪಾಸಣಿ ಮಾಡಸ್ರಿ. ಆದ್ರ ರೋಗ ತಡಿಯೂ ಶಕ್ತಿ ಕಡಿಮಿ ಐತಿ. ಲಸಿಕಿ ಹಾಕಸ್ರಿ, ಕೆಮ್ಮು ಜ್ವರ ಇದ್ದವರ ಹತ್ರ ಬಿಡಬ್ಯಾಡ್ರಿ," ಎಂದರು ಡಾಕ್ಟರು.

ತಮ್ಮೂರು ಮಳಗಿಗೆ ಮರಳುವ ಬಸ್ಸಿನಲ್ಲೇ ಗುರುಸಿದ್ದವ್ವ ನಿಶ್ಚಯ ಮಾಡಿಬಿಟ್ಟಳು: ಯಾರ ಮುಂದೂ ಬಾಯಿ ಬಿಡಬಾರದು. ಊರಿನ ಕಿವಿ ಅವಳಿಗೆ ಗೊತ್ತಿತ್ತು. ಡಾಕ್ಟರು ಹೇಳಿದ "ಅಲ್ಲ" ಊರ ಅಗಸಿ ಬಾಗಿಲಲ್ಲೇ ಉದುರಿ, "ಕ್ಯಾನ್ಸರ್" ಒಂದೇ ಮನೆಮನೆ ತಿರುಗುತ್ತದೆ. ಮೊಮ್ಮಗಳು ಮಧುಮತಿಗೆ ಹಳಿಯಾಳದ ಸಂಬಂಧ ಕೂಡಿಬರುವ ಹೊತ್ತು. ಆ ಮನೆಯ ರಕ್ತವೇ ಸರಿಯಿಲ್ಲ ಎಂದು ಒಬ್ಬರು ಅಂದರೆ ಮುಗಿಯಿತು. ಲಸಿಕೆಯನ್ನೂ ಮಾತುಕತೆ ಮುಗಿದ ಮೇಲೆ ನೋಡೋಣವೆಂದಳು. ಯಾರು ಕೇಳಿದರೂ ಅವಳದು ಒಂದೇ ಉತ್ತರ: "ಆರಾಮ ಅದಾರ."

ಆರಾಮ ಇದ್ದವನಿಗೆ ಊರಲ್ಲಿ ಕೆಲಸಗಳಿರುತ್ತವೆ. ಹಾಸಿಗೆ ಹಿಡಿದವರನ್ನು ಮಾತಾಡಿಸಿ ಬರುವುದು ಅದರಲ್ಲಿ ಮೊದಲನೆಯದು. ಓಣಿಯ ದ್ಯಾಮಪ್ಪ ಜ್ವರ, ಕೆಮ್ಮಿನಿಂದ ಮಲಗಿದ. ಊರೆಲ್ಲ ಹೋಗಿ ಬಂತು, ಚನಬಸಪ್ಪ ಹೋಗಲಿಲ್ಲ. ದ್ಯಾಮಪ್ಪನ ಹೆಂಡತಿ ತಾಯವ್ವ ಬಾಗಿಲಿಗೆ ಬಂದು ಅಂದೇಬಿಟ್ಟಳು: "ಯವ್ವಾ, ಕಾಕಾ ಆರಾಮ ಅದಾರಂತ ನೀವ ಅಂತೀರಿ. ಮತ್ತ ನಮ್ಮನೀಗೆ ಯಾಕ ಬರಲಿಲ್ಲ? ನಾವೇನ ತಪ್ಪ ಮಾಡೇವ್ರಿ?"

ನಿಜ ಗುರುಸಿದ್ದವ್ವನ ನಾಲಿಗೆ ತುದಿಯವರೆಗೂ ಬಂತು. ಅಲ್ಲೇ ನಿಂತಿತು. ಒಳಗೆ ಚನಬಸಪ್ಪ ಆಗಲೇ ಟೊಪ್ಪಿಗೆ ಏರಿಸಿದ್ದ.

"ಹೋಗಿ ಬರ್ತೇನಿ ಬಿಡ. ದೂರ ಕುಂಡ್ರತೇನಿ."

ದೂರವೆಲ್ಲಿ ಬಂತು! ದ್ಯಾಮಪ್ಪನ ಕೈ ಹಿಡಿದುಕೊಂಡು ಕೂತು, ಚಹಾ ಕುಡಿದು ಬಂದ.

ಅದೇ ವಾರ ಕೆಮ್ಮು ಸುರುವಾಯಿತು. ದ್ಯಾಮಪ್ಪ ಎದ್ದು ಓಡಾಡುವ ಹೊತ್ತಿಗೆ ಚನಬಸಪ್ಪನಿಗೆ ನ್ಯುಮೋನಿಯಾ. ಹುಬ್ಬಳ್ಳಿಯ ಆಸ್ಪತ್ರೆಯಿಂದ ಅವನನ್ನು ಮಣ್ಣು ಮಾಡಲೆಂದೇ ತಂದರು.

ಈಗ ಊರು ಗುರುಸಿದ್ದವ್ವನನ್ನು ಮಾತಾಡಿಸಲು ಬರುತ್ತಿದೆ. ದ್ಯಾಮಪ್ಪನೂ ಬಂದ. ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡ.

"ಕಾಕಾ ಬಂದು ಕೈ ಹಿಡದ ಮ್ಯಾಲೇ ನಾ ಎದ್ದೆ ಯವ್ವಾ. ಅವರಿಗೆ ಮೊದಲ ಏನರ ಇತ್ತೇನ್ರಿ?"

ಅವಳಿಗೆ ಸಿಟ್ಟು ಬಂತು, ಅವನ ಮೇಲಲ್ಲ, ತನ್ನ ಮೇಲೆ. ಅವನ ಮುಖ ನೋಡಿದಳು. ಈಗ ನಿಜ ಹೇಳಿದರೆ ಈ ಮನುಷ್ಯ ಬದುಕಿರುವತನಕ ತನ್ನ ಕೈಯನ್ನೇ ನೋಡಿಕೊಂಡು ಕೂರುತ್ತಾನೆ.

"ಏನಿಲ್ಲಪ್ಪಾ," ಅಂದಳು. "ಆರಾಮ ಇದ್ರು."