ಎರಡನೇ ಗಂಟಲು

ಬ್ಯಾಂಡಿಗೆ ‘ಹರಕುಬಾಯಿ’ ಎಂದು ಹೆಸರಿಟ್ಟ ದಿನ ಅವಳ ತಾಯಿ ಮೂರು ಹೊತ್ತು ಮಾತು ಬಿಟ್ಟಿದ್ದರು. ನಾಲ್ಕನೇ ಹೊತ್ತಿಗೆ ಅವರೇ ಸೋತು, “ಹೆಸರೇನೋ ಸರಿಯಾಗೇ ಇಟ್ಕೊಂಡಿದ್ದೀಯ ಬಿಡು,” ಎಂದರು. ಅದಾಗಿ ಹದಿನೈದು ವರ್ಷ. ಬ್ಯಾಂಡಿನಲ್ಲಿ ಆಗಲೂ ಮೂವರೇ, ಈಗಲೂ ಮೂವರೇ. ಗಿಟಾರ್ ಬಾರಿಸಿ ಹಾಡುವವಳು ಅವಳು, ಬೇಸ್ ಗಿಟಾರ್ ಹಿಡಿಯುವವನು ಅವಳ ತಮ್ಮ, ಡ್ರಮ್ಮಿನ ಹಿಂದೆ ಕೂರುವವನು ಅವಳ ಗಂಡ. ಊರಿಗೆಲ್ಲ ಅವಳು ‘ಅಕ್ಕ’. ಅವಳ ಹೊಲಿಗೆ ಯಂತ್ರದ ರಿಪೇರಿ ಅಂಗಡಿಗೆ ಬರುವ ಟೈಲರುಗಳಿಗೂ ಅಕ್ಕ, ವೇದಿಕೆಯ ಮುಂದೆ ನೆಲ ಬಿರಿಯುವಂತೆ ಕುಣಿಯುವವರಿಗೂ ಅಕ್ಕ.

ಪಂಕ್ ಎಂಬ ಗದ್ದಲದ ಸಂಗೀತ ಕೇಳಿ ಕೆಟ್ಟವರು ಮೂವರೂ. ಹಾಗಾಗಿ ಹರಕುಬಾಯಿಯ ಹಾಡೆಂದರೆ ಎರಡು ನಿಮಿಷದ್ದು: ಒಂದು ಸಿಟ್ಟು, ಗಿಟಾರಿನ ಮೂರು ಕಾರ್ಡು, ಕೊನೆಗೆ ಅಕ್ಕನ ಕಿರುಚು. ಆ ಕಿರುಚು ಕೇಳಲೆಂದೇ ಜನ ಬರುತ್ತಿದ್ದರು. ಎರಡು ವರ್ಷದ ಹಿಂದೆ ಅವಳ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ ಮಾಡಿದ ಡಾಕ್ಟರು, “ಇನ್ನೊಂದು ಸಲ ಕಿರುಚಿದ್ರೆ ಇದ್ದದ್ದೂ ಹೋಗುತ್ತೆ ನೋಡಿ,” ಎಂದು ಕಡ್ಡಿ ತುಂಡುಮಾಡಿದಂತೆ ಹೇಳಿಬಿಟ್ಟರು. ಬ್ಯಾಂಡೇಜು ಬಿಚ್ಚಿದಾಗ ಹೊರಬಂದ ಧ್ವನಿ ಬೇರೆಯದೇ ಆಗಿತ್ತು. ದಪ್ಪ, ಗೊಗ್ಗರು, ಹಳೆಯ ಬೀರುವನ್ನು ನೆಲದ ಮೇಲೆ ಎಳೆದ ಹಾಗೆ.

ಅವಳು ಅಳಲಿಲ್ಲವೇ? ಅತ್ತಳು, ಒಂದು ತಿಂಗಳು ಚೆನ್ನಾಗಿಯೇ ಅತ್ತಳು. ಆಮೇಲೆ ಮೂಗೊರೆಸಿಕೊಂಡು ಆ ಬೀರುವಿನ ದನಿಗೆ ತಕ್ಕ ಹಾಡು ಬರೆಯಲು ಕೂತಳು. ಒಂಬತ್ತು ಹಾಡು, ಮೂವತ್ತೈದು ನಿಮಿಷ. ಸಿಟ್ಟು ಹಳೆಯದೇ, ನಡಿಗೆ ಮಾತ್ರ ನಿಧಾನ. ಆಲ್ಬಮ್ಮಿಗೆ ‘ಎರಡನೇ ಗಂಟಲು’ ಎಂದು ಹೆಸರಿಟ್ಟಳು. ಇದನ್ನು ಜನ ಒಪ್ಪಿಕೊಂಡರೆ ತಾನಿನ್ನೂ ಹಾಡುವವಳು, ಒಪ್ಪದಿದ್ದರೆ ಹಿಂದೆ ಹಾಡುತ್ತಿದ್ದವಳು, ಇಷ್ಟೇ ಲೆಕ್ಕ. ಒಪ್ಪಿಯೇ ಒಪ್ಪುತ್ತಾರೆ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಒಳ್ಳೆಯ ಹಾಡು ಯಾವುದು ಎಂದು ಅವಳಿಗೆ ಗೊತ್ತಿತ್ತು, ಇವು ಒಳ್ಳೆಯ ಹಾಡುಗಳಾಗಿದ್ದವು.

ಬ್ಯಾಂಡಿನಲ್ಲೊಂದು ಕಟ್ಟುನಿಟ್ಟಿನ ನಿಯಮವಿತ್ತು. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಮೂಗು ತೂರಿಸುವಂತಿಲ್ಲ. ಗಂಡ, ಹೆಂಡತಿ, ಭಾಮೈದ ಒಂದೇ ಬ್ಯಾಂಡಿನಲ್ಲಿ ಹದಿನೈದು ವರ್ಷ ಉಳಿಯಬೇಕಾದರೆ ಇಂಥದ್ದೊಂದು ಬೇಲಿ ಬೇಕೇಬೇಕು. ಹಾಡು ಅಕ್ಕನದು, ಅಂಗಡಿಗಳಿಗೆ ರೆಕಾರ್ಡು ಮುಟ್ಟಿಸುವುದು ಗಂಡನದು, ಹೊದಿಕೆ, ಲೇಬಲ್ಲು, ಅಕ್ಷರ ಎಲ್ಲ ತಮ್ಮನದು. ತಮ್ಮ ಕೆಲಸ ಮಾಡುವುದು ಪ್ರೆಸ್ಸಿನಲ್ಲಿ. ಮೊದಲ ರೆಕಾರ್ಡಿಗೆಂದು ತಾನೇ ಅಕ್ಷರ ಜೋಡಿಸಿ ಮಾಡಿದ ಲೇಬಲ್ಲಿನ ಅಚ್ಚನ್ನು ಅವನು ಜೋಪಾನವಾಗಿ ಇಟ್ಟುಕೊಂಡಿದ್ದ. ಪ್ರತಿ ಸಲವೂ ಹೆಸರೊಂದನ್ನು ಬದಲಾಯಿಸಿ ಅದನ್ನೇ ಒತ್ತುತ್ತಿದ್ದ. ಹಾಡು ಮೊದಲು ಮುಳ್ಳಿಟ್ಟು ಕೇಳುವ ರೆಕಾರ್ಡಿನಲ್ಲೇ ಬರಬೇಕು, ಇಂಟರ್ನೆಟ್ಟಿಗೆ ಎರಡು ತಿಂಗಳ ನಂತರ ಎಂಬುದು ಮೂವರ ಹಟ. ಹಾಗಾಗಿ ಮುನ್ನೂರು ರೆಕಾರ್ಡುಗಳು ಊರಿನ ಅಂಗಡಿಗಳಿಗೆ ಹೋದವು.

ಒಂದೇ ವಾರ. ಟೈಲರೊಬ್ಬ ಅಂಗಡಿಗೆ ಬಂದವನು ಯಂತ್ರದ ಮಾತೇ ಎತ್ತದೆ ಹಾಡಿನ ಮಾತೆತ್ತಿದ. ವಾರಪತ್ರಿಕೆಯಲ್ಲಿ ಸಂಗೀತದ ಬಗ್ಗೆ ಬರೆಯುವವನು, ಒಳ್ಳೆಯ ಮಾತನ್ನು ಅಳೆದು ಸುರಿದು ಕೊಡುವ ಜಿಪುಣ, ಈ ಸಲ ಧಾರಾಳವಾಗಿಬಿಟ್ಟಿದ್ದ. ‘ಇಪ್ಪತ್ತಾರು ನಿಮಿಷ ಉಸಿರಾಡಲು ಬಿಡುವುದಿಲ್ಲ. ಹರಕುಬಾಯಿಗೆ ವಯಸ್ಸೇ ಆಗಿಲ್ಲ’ ಎಂದು ಬರೆದಿದ್ದ. ಅಕ್ಕ ಅದನ್ನು ಓದಿ ನಕ್ಕಳು. “ಮೂವತ್ತೈದು ಅಂತ ಬರೆಯೋಕೂ ಬರಲ್ವಲ್ಲ ಇವನಿಗೆ,” ಎಂದು ಗಂಡನಿಗೆ ಹೇಳಿ, ಆ ಹಾಳೆಯನ್ನು ಮಡಿಚಿ ಎಣ್ಣೆ ಡಬ್ಬಿಯ ಕೆಳಗಿಟ್ಟಳು.

ಮರುದಿನ ಮುಳ್ಳುಹಂದಿ ಬಂದ. ಬಸ್ಸಿನ ಡ್ರೈವರು, ಬ್ಯಾಂಡಿನ ಮೊದಲ ಕಾರ್ಯಕ್ರಮಕ್ಕೆ ಬಂದಿದ್ದ ಹನ್ನೊಂದು ಜನರಲ್ಲಿ ಒಬ್ಬ. ಆಗ ಅವನ ತಲೆಗೂದಲು ಮುಳ್ಳುಮುಳ್ಳಾಗಿ ನಿಂತಿರುತ್ತಿತ್ತು. ಈಗ ತಲೆ ತಾಮ್ರದ ಚೊಂಬಿನಂತೆ ಹೊಳೆಯುತ್ತದೆ, ಹೆಸರು ಮಾತ್ರ ಉಳಿದಿದೆ.

“ಅಕ್ಕಾ, ನಿನ್ನ ಡಾಕ್ಟರ ಕೈಗೆ ಬಂಗಾರದ ಬಳೆ ತೊಡಿಸ್ಬೇಕು,” ಎಂದ ಅವನು. “ಮಾತಾಡುವಾಗ ಗೊಗ್ಗರು ಗೊಗ್ಗರು, ಹಾಡುವಾಗ ಅದೇ ಹಳೇ ಗಂಟಲು! ನಾನು ಅತ್ತೇಬಿಟ್ಟೆ ಗೊತ್ತಾ?”

“ನಿನಗೆ ಕಿವಿ ಹೋಗಿದೆ,” ಎಂದಳು ಅಕ್ಕ. “ಹದಿನೈದು ವರ್ಷ ಸ್ಪೀಕರಿಗೆ ಒರಗಿ ನಿಂತರೆ ಇನ್ನೇನಾಗುತ್ತೆ?”

ಆದರೂ ಹೊಗಳಿಕೆ ಯಾರಿಗೆ ಬೇಡ? ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆ ದಿನ ಬಂದ ಮೂರು ಯಂತ್ರಗಳನ್ನೂ ಅವಳು ಮಧ್ಯಾಹ್ನದೊಳಗೆ ಮುಗಿಸಿದಳು.

ಗುರುವಾರ ಯಂತ್ರದ ಬೆಲ್ಟ್ ತರಲು ಪೇಟೆ ಬೀದಿಗೆ ಹೋಗಿದ್ದಳು. ರೆಕಾರ್ಡ್ ಅಂಗಡಿಯ ಬಾಗಿಲು ತೆರೆದಿತ್ತು, ಒಳಗಿನಿಂದ ಹಾಡು ಬರುತ್ತಿತ್ತು. ಯಾರೋ ಹುಡುಗಿ ಚುರುಕಾಗಿ, ಉಸಿರು ತೆಗೆದುಕೊಳ್ಳದೆ ಹಾಡುತ್ತಿದ್ದಳು. ಅಕ್ಕ ಫುಟ್‌ಪಾತಿನಲ್ಲೇ ನಿಂತು ಕಿವಿಗೊಟ್ಟಳು. ಮೋಟಾರಿನ ಸದ್ದು ಕೇಳಿಯೇ ಯಂತ್ರದ ಕಾಯಿಲೆ ಹೇಳುವವಳು ಅವಳು. ಯಾವುದೋ ಹೊಸ ಬ್ಯಾಂಡು, ಕೈ ಚೆನ್ನಾಗಿದೆ, ಆದರೆ ಸ್ಪೀಡು ವಿಪರೀತ, ಸ್ವಲ್ಪ ಇಳಿಸಿದ್ದರೆ ಹಾಡಿಗೆ ತೂಕ ಬರುತ್ತಿತ್ತು ಎಂದುಕೊಂಡಳು. ಅಷ್ಟರಲ್ಲಿ ಸಾಲು ಕಿವಿಗೆ ಬಿತ್ತು:

‘ಕೂಗಿದ್ದು ಸಾಕು, ಈಗ ಹೇಳ್ತೀನಿ, ಕೂತ್ಕೋ.’

ಅದು ಅವಳದೇ ಸಾಲು. ಒಳಗೆ ನುಗ್ಗಿ ಪ್ಲೇಯರಿನ ಮೇಲೆ ಬಗ್ಗಿ ನೋಡಿದಳು. ತಿರುಗುತ್ತಿದ್ದದ್ದು ಅವಳದೇ ರೆಕಾರ್ಡು, ಓಡುತ್ತಿದ್ದದ್ದು ನಲವತ್ತೈದರ ವೇಗದಲ್ಲಿ.

“ಇದನ್ನ ಮೂವತ್ಮೂರರಲ್ಲಿ ಹಾಕ್ಬೇಕು ಯಜಮಾನ್ರೇ!”

“ಲೇಬಲ್ಲಿನಲ್ಲಿ ನಲವತ್ತೈದು ಅಂತಿದೆಯಲ್ಲಮ್ಮ,” ಎಂದು ಅಂಗಡಿಯವನು ಕನ್ನಡಕ ಏರಿಸಿಕೊಂಡು ತೋರಿಸಿದ. ಇತ್ತು. ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ, ಹದಿನೈದು ವರ್ಷದಿಂದ ಇದ್ದಲ್ಲೇ ಇತ್ತು. ಅವರ ಹಳೆಯ ಆರು ರೆಕಾರ್ಡುಗಳೂ ಚಿಕ್ಕವು, ನಿಮಿಷಕ್ಕೆ ನಲವತ್ತೈದು ಸುತ್ತು ತಿರುಗುವಂಥವು. ಇದು ಮೊದಲ ದೊಡ್ಡ ರೆಕಾರ್ಡು, ಮೂವತ್ಮೂರು ಸುತ್ತಿನದು. ನಲವತ್ತೈದಕ್ಕಿಟ್ಟರೆ ಹಾಡು ಓಡುತ್ತದೆ, ದನಿ ತೆಳ್ಳಗಾಗುತ್ತದೆ. ತಮ್ಮ ಎಂದಿನಂತೆ ಹೆಸರು ಬದಲಾಯಿಸಿ ಕೈತೊಳೆದುಕೊಂಡಿದ್ದ. ನಿಯಮದ ಪ್ರಕಾರ ಇನ್ನಿಬ್ಬರು ನೋಡಿರಲಿಲ್ಲ. ಅವಳು ಮನೆಯಲ್ಲಿ ಲೇಬಲ್ಲು ಓದದೆ, ದೊಡ್ಡ ರೆಕಾರ್ಡೆಂದರೆ ಮೂವತ್ಮೂರೇ ಎಂಬ ಅಭ್ಯಾಸಬಲದಿಂದ ಅದಕ್ಕೇ ಇಟ್ಟು ಕೇಳಿದ್ದಳು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಮಜ್ಜಿಗೆಗೆ ಬಿದ್ದಿತ್ತು.

ಅವಳು ಕೈಯಾರೆ ಗುಂಡಿ ಒತ್ತಿ ವೇಗ ಇಳಿಸಿದಳು. ಹುಡುಗಿಯ ಧ್ವನಿ ಕುಸಿದು, ದಪ್ಪಗಾಗಿ, ಅವಳದಾಯಿತು. ಅಂಗಡಿಯವನು ಕತ್ತು ಓರೆಮಾಡಿ ಕೇಳಿದ. “ಬ್ಯಾಟರಿ ಹೋಗ್ತಿರೋ ಹಾಗಿದೆಯಲ್ಲಮ್ಮ,” ಎಂದ. ರೆಕಾರ್ಡು ಆಯುತ್ತಿದ್ದ ಗಿರಾಕಿಯೊಬ್ಬಳು ತಲೆಯೆತ್ತದೆಯೇ, “ಮೊದಲಿನದ್ದೇ ಚೆನ್ನಾಗಿತ್ತು,” ಎಂದಳು.

ಅಕ್ಕ ಬೆಲ್ಟು ಮರೆತು ಮನೆಗೆ ಬಂದಳು.

ಸಂಜೆ ಅಡುಗೆಮನೆಯ ಮೇಜಿನ ಮೇಲೆ ರೆಕಾರ್ಡಿಟ್ಟು ಮೂವರೂ ಕೂತರು. ತಮ್ಮನ ಮುಖ ಸುಣ್ಣವಾಗಿತ್ತು. “ತಪ್ಪಾಯ್ತು ಅಕ್ಕ,” ಎಂದ. ರೆಕಾರ್ಡನ್ನು ತನ್ನ ಕಡೆ ಎಳೆದುಕೊಂಡು, “ಆದ್ರೆ ಒಂದು ಮಾತು. ಎಲ್ಲರಿಗೂ ಇಷ್ಟ ಆಗಿದೆಯಲ್ಲ? ನಾವೇ ಯಾಕೆ ಬಾಯಿ ಬಿಡ್ಬೇಕು? ಭಾನುವಾರದ ಕಾರ್ಯಕ್ರಮದಲ್ಲಿ ಹಳೇ ಹಾಡು ಬಾರಿಸೋಣ, ಕಿರುಚೋ ಕಡೆ ನಾನು ಕಿರುಚ್ತೀನಿ,” ಎಂದ.

“ನೀನು ಕಿರುಚಿದ್ರೆ ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡ ಹಾಗಿರುತ್ತೆ,” ಎಂದ ಭಾವ. ಅವನು ಡ್ರಮ್ಮಿನ ಮೇಲೆ ಬಿಟ್ಟು ಬೇರೆಲ್ಲೂ ಸದ್ದು ಮಾಡುವವನಲ್ಲ. ಹೆಂಡತಿಯ ಕಡೆ ತಿರುಗಿ, “ಗಂಟಲು ನಿಂದು. ನೀನು ಹೇಳಿದ ಹಾಗೆ,” ಎಂದ.

ಅಕ್ಕನಿಗೆ ಹೊಟ್ಟೆಕಿಚ್ಚು ಸುಡುತ್ತಿತ್ತು, ಅದೂ ತನ್ನ ಮೇಲೇ. ನಾಚಿಕೆಯಿಲ್ಲದೆ ಅದನ್ನೇ ಹೇಳಿದಳು. “ಅವರೆಲ್ಲ ಹೊಗಳ್ತಿರೋದು ನನ್ನನ್ನಲ್ಲ ಕಣೋ. ಗಂಟಲು ಕೊಯ್ಯಿಸಿಕೊಳ್ಳೋಕೆ ಮುಂಚೆ ಇದ್ದವಳನ್ನ. ಅವಳು ಹೋಗಿ ಎರಡು ವರ್ಷ ಆಯ್ತು. ಅವಳ ಹೆಸರಲ್ಲಿ ನಾನು ಚಪ್ಪಾಳೆ ತಗೊಳ್ಳಲ್ಲ.”

“ಜನ ಎದ್ದು ಹೋದ್ರೆ?”

“ಹೋಗ್ಲಿ. ಕೇಳಿ ಹೋಗ್ಲಿ. ಕೇಳದೆ ಚಪ್ಪಾಳೆ ಹೊಡೆಯೋದಕ್ಕಿಂತ ಅದು ಮೇಲು. ಭಾನುವಾರ ನಿನ್ನ ಪ್ಲೇಯರ್ ತಗೊಂಡು ಬಾ.”

ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆಗೆ ಒರಗಿ ಪತ್ರಿಕೆಯವನು, ಅವನ ಪಕ್ಕ ರೆಕಾರ್ಡ್ ಅಂಗಡಿಯವನು, ಎಲ್ಲರಿಗಿಂತ ಮುಂದೆ ಎಂದಿನ ಜಾಗದಲ್ಲಿ ಮುಳ್ಳುಹಂದಿ. ವೇದಿಕೆಯ ಮೇಲೆ ಮೈಕಿನ ಪಕ್ಕ ಒಂದು ಸ್ಟೂಲು, ಅದರ ಮೇಲೆ ಪ್ಲೇಯರು. ಅಕ್ಕ ಗಿಟಾರು ನೇತುಹಾಕಿಕೊಂಡು ಬಂದಳು, ನಮಸ್ಕಾರವಿಲ್ಲ, ಪೀಠಿಕೆಯಿಲ್ಲ, ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದಳು. ನಲವತ್ತೈದರಲ್ಲೇ.

ಸಭಾಂಗಣ ಹುಚ್ಚೆದ್ದಿತು. ಎಲ್ಲರಿಗೂ ಹಾಡು ಬಾಯಿಗೆ ಬರುತ್ತಿತ್ತು. ‘ಕೂಗಿದ್ದು ಸಾಕು’ ಎಂಬಲ್ಲಿಗೆ ಬಂದಾಗ ಇಡೀ ಸಭೆ ಕೈಯೆತ್ತಿ ಕೂಗಿತು. ಅಕ್ಕ ಸಾಲು ಮುಗಿಯುವವರೆಗೆ ಕಾದಳು, ಆಮೇಲೆ ಗುಂಡಿ ಒತ್ತಿದಳು. ಧ್ವನಿ ಜಾರಿ ಕೆಳಗಿಳಿಯಿತು. ಕುಣಿಯುತ್ತಿದ್ದವರು ಮೆಟ್ಟಿಲು ತಪ್ಪಿದವರಂತೆ ಎಡವಿ ನಿಂತರು. ಯಾರೋ ನಕ್ಕರು. ಹಿಂದಿನಿಂದ ಒಬ್ಬ, “ಸ್ಪೀಡ್ ಏರಿಸ್ರೋ!” ಎಂದು ಕೂಗಿದ.

“ಇದೇ ಸ್ಪೀಡು,” ಎಂದಳು ಅಕ್ಕ ಮೈಕಿಗೆ. “ಲೇಬಲ್ಲು ತಪ್ಪಾಗಿತ್ತು. ತಪ್ಪು ಮೂವರದ್ದೂ. ನೀವು ಕೇಳಿದ್ದು ನಾನಲ್ಲ.”

ಮುಳ್ಳು ಎತ್ತಿ ಪಕ್ಕಕ್ಕಿಟ್ಟಳು. ಗಂಡನ ಕಡೆ ನೋಡಿದಳು, ಅವನು ನಾಲ್ಕು ಎಣಿಸಿದ, ನಿಧಾನವಾಗಿ. ತಮ್ಮ ತಾಳ ತಪ್ಪಲಿಲ್ಲ. ರೆಕಾರ್ಡು ನಿಂತ ಕಡೆಯಿಂದಲೇ ಅವಳು ಹಾಡು ಎತ್ತಿಕೊಂಡಳು. ಬಾಗಿಲ ಬಳಿ ಐದಾರು ಜನ ಹೊರಗೆ ಹೋದರು, ಅವಳು ನೋಡಿದಳು, ನೋಡಿಯೂ ಹಾಡಿದಳು. ಧ್ವನಿ ಗೊಗ್ಗರಾಗಿಯೇ ಇತ್ತು, ಅದನ್ನು ನಯಮಾಡುವ ಗೋಜಿಗೆ ಅವಳು ಹೋಗಲಿಲ್ಲ. ಕಿರುಚಬೇಕಾದ ಜಾಗದಲ್ಲಿ ಕಿರುಚದೆ, ಮೈಕಿಗೆ ತುಟಿ ತಾಗಿಸಿ, ಮನೆಯಲ್ಲಿ ಎದುರು ಕೂತವರಿಗೆ ಹೇಳುವಷ್ಟೇ ಮೆಲ್ಲಗೆ ಹೇಳಿದಳು:

‘ಕೂಗಿದ್ದು ಸಾಕು. ಈಗ ಹೇಳ್ತೀನಿ. ಕೂತ್ಕೋ.’

ಹಾಡು ಮುಗಿಯಿತು. ಚಪ್ಪಾಳೆಯಿಲ್ಲ, ಬೈಗುಳವೂ ಇಲ್ಲ. ಪತ್ರಿಕೆಯವನು ತಲೆ ತಗ್ಗಿಸಿ ಪೆನ್ನಿಗಾಗಿ ಜೇಬು ತಡಕುತ್ತಿದ್ದ. ಹದಿನೈದು ವರ್ಷದಲ್ಲಿ ಹರಕುಬಾಯಿಯ ಮುಂದೆ ಜನ ಹೀಗೆ ಸುಮ್ಮನೆ ನಿಂತದ್ದೇ ಇರಲಿಲ್ಲ. ಅಕ್ಕ ಕಣ್ಣು ಕೆಳಗಿಳಿಸಲಿಲ್ಲ.

ಮುಳ್ಳುಹಂದಿ ಬೋಳುತಲೆ ಸವರಿಕೊಂಡ. “ಅಕ್ಕಾ,” ಎಂದ, “ಇದು ನೀನೇನಾ?”

“ನಾನೇ.”

ಅವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. ಹದಿನೈದು ವರ್ಷ ಕುಣಿದವನು ಕೂತದ್ದು ನೋಡಿ ಅವನ ಹಿಂದಿನವರು ಕೂತರು, ಅವರ ಹಿಂದಿನವರೂ ಕೂತರು. ಗೋಡೆಗೆ ಒರಗಿದ್ದ ಅಂಗಡಿಯವನು ಕೂಡ ಮಂಡಿ ಹಿಡಿದುಕೊಂಡು ಕೂತ.

“ಹಾಗಾದ್ರೆ ಮೊದಲಿಂದ ಹಾಡಕ್ಕ,” ಎಂದ ಮುಳ್ಳುಹಂದಿ. “ನಾವಿನ್ನೂ ಕೇಳೇ ಇಲ್ಲ.”

ಅಕ್ಕ ಗಂಡನ ಕಡೆ ತಿರುಗಿದಳು. ಅವನು ಆಗಲೇ ಕೋಲು ಎತ್ತಿ ಎಣಿಸಲು ಶುರುಮಾಡಿದ್ದ.